ಮಳೆಯಲ್ಲಿ ಬಾಡುವ ಗಿಡ

ಆರಿದ್ರಾ ಮಳೆ ಹಿಡಿದರೆ ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ಒಣಗಿದ ಜಾಗ ಎಂಬುದೇ ಉಳಿಯುವುದಿಲ್ಲ. ಕಾಫಿ ಒಣಗಿಸುವ ಕಣದ ಮೇಲೆ ಪಾಚಿ ಕಟ್ಟುತ್ತದೆ. ಕಣದ ಅಂಚಿಗೆ ಸಾಲಾಗಿ ಇಟ್ಟ ಕುಂಡಗಳಲ್ಲಿ ಡೇರೆ, ದಾಸವಾಳ, ಗುಲಾಬಿ, ಹೈಡ್ರೇಂಜಿಯಾಗಳು ತೊಟ್ಟಿಕ್ಕುತ್ತಾ ನಿಂತಿರುತ್ತವೆ. ಒಂದು ದಿನ ಮಳೆ ಹೊಳವಾಗಿ ಮಧ್ಯಾಹ್ನ ಎರಡು ಗಂಟೆ ಬಿಸಿಲು ಬೀಳುತ್ತದೆ. ಅಷ್ಟಕ್ಕೇ ದಾಸವಾಳದ ಒಂದು ಪಕ್ಕದ ರೆಂಬೆಗಳು ಜೋತುಬೀಳುತ್ತವೆ. "ಬಿಸಿಲು ತಡ್ಕೊಳ್ಳಿಲ್ಲ ಪಾಪ" ಎಂದು ಮನೆಯವರು ಎರಡು ಚೊಂಬು ನೀರು ಹೊಯ್ಯುತ್ತಾರೆ. ಹದಿನೈದು ದಿನ ಮಳೆ ಕುಡಿದ ಮಣ್ಣಿಗೆ ಇನ್ನೆರಡು ಚೊಂಬು! ಮರುದಿನ ಗಿಡ ಇನ್ನಷ್ಟು ಬಾಡುತ್ತದೆ, ಆಗ ಒಂದು ಚಮಚ ಯೂರಿಯಾ. ವಾರದೊಳಗೆ ಕುಂಡ ಖಾಲಿ.

ಬಿಸಿಲಿನ ತಪ್ಪು ಇದರಲ್ಲಿ ಬಹಳ ಕಡಿಮೆ. ಆ ಗಿಡದ ಬೇರು ಎರಡು ವಾರ ಮೊದಲೇ ಸತ್ತಿತ್ತು. ಮಂಜು ಮಳೆಗಳ ನಡುವೆ ಎಲೆಯಿಂದ ನೀರು ಆವಿಯಾಗುವುದೇ ಅಪರೂಪವಾದ್ದರಿಂದ ಬೇರಿಲ್ಲದ ಗಿಡವೂ ಹಸಿರಾಗಿ ನಿಂತಿತ್ತು, ಅಷ್ಟೆ. ಬಿಸಿಲು ಬಂದು ಎಲೆ ನೀರು ಕೇಳಿದಾಗ ಕೊಡುವವರು ಯಾರೂ ಇರಲಿಲ್ಲ. ಬಾಡಿದ ಗಿಡದ ಮುಂದೆ ಕುಳಿತವರು ಮೊದಲು ತಿಳಿಯಬೇಕಾದ್ದು ಇದೇ: ಬಾಡಿದ ಜಾಗ ಒಂದು, ಕೆಟ್ಟ ಜಾಗ ಇನ್ನೊಂದು. ಬಾಡಿದ ದಿನ ಒಂದು, ಕೆಟ್ಟ ದಿನ ಇನ್ನೊಂದು.

ಎಲೆ ನೆಟ್ಟಗೆ ನಿಲ್ಲುವುದು ನಾರಿನ ಬಲದಿಂದಲ್ಲ, ಒಳಗಿನ ನೀರಿನ ಒತ್ತಡದಿಂದ. ಪ್ರತಿ ಜೀವಕೋಶವೂ ನೀರು ತುಂಬಿಕೊಂಡು ತನ್ನ ಗೋಡೆಯನ್ನು ಒಳಗಿನಿಂದ ಒತ್ತುತ್ತಿರುತ್ತದೆ. ಹೋಗುವ ನೀರಿಗಿಂತ ಬರುವ ನೀರು ಕಡಿಮೆಯಾದರೆ ಒತ್ತಡ ಇಳಿದು ಎಲೆ ಜೋಲುತ್ತದೆ. ಎಷ್ಟು ನೀರು ಹೋಗುತ್ತದೆ ಎಂಬುದನ್ನು ಕುಂಡದ ಹೂಗಿಡದಲ್ಲೇ ಅಳೆದವರಿದ್ದಾರೆ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ 1724ರ ಜುಲೈನಲ್ಲಿ ಒಂದು ಸೂರ್ಯಕಾಂತಿ ಗಿಡದ ಕುಂಡದ ಬಾಯಿಯನ್ನು ಸೀಸದ ತಗಡಿನಿಂದ ಮುಚ್ಚಿ, ಹಲವು ದಿನ ಬೆಳಗ್ಗೆ ಸಂಜೆ ತೂಗಿದ. ಮೂರೂವರೆ ಅಡಿ ಎತ್ತರದ ಆ ಗಿಡ ಒಣ ಹಗಲೊಂದರಲ್ಲಿ ಸರಾಸರಿ 20 ಔನ್ಸ್, ಅಂದರೆ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಗಾಳಿಗೆ ಬಿಡುತ್ತಿತ್ತು. 1727ರಲ್ಲಿ ಅವನು ಇದನ್ನೆಲ್ಲ ಪುಸ್ತಕ ಮಾಡಿ ಪ್ರಕಟಿಸಿದ. ತಕ್ಕಡಿ ಇಲ್ಲದವರಿಗೂ ಅವನ ವಿಧಾನ ಒದಗುತ್ತದೆ. ಬಾಡಿದ ಗಿಡ ಕಂಡಾಗ ಚೊಂಬಿಗೆ ಕೈಹಾಕುವ ಮೊದಲು ಕುಂಡವನ್ನೇ ಎತ್ತಿ ನೋಡಿ. ಹಗುರವಾಗಿದ್ದರೆ ನೀರಿಲ್ಲದೆ ಬಾಡಿದೆ, ನೀರು ಕೊಡಿ, ಕತೆ ಅಲ್ಲಿಗೆ ಮುಗಿಯಿತು. ಭಾರವಾಗಿದ್ದೂ ಬಾಡಿದ್ದರೆ ವಿಷಯ ಬೇರೆ.

ನೀರನ್ನು ಮೇಲಕ್ಕೆ ತರುವುದು ಯಾರು ಎಂಬ ಪ್ರಶ್ನೆ ಬಹುಕಾಲ ಜಗಳಕ್ಕೆ ಕಾರಣವಾಗಿತ್ತು. ಜರ್ಮನಿಯ ಬಾನ್ ನಗರದ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಕಡಿದ ಮರಗಳ ಬುಡವನ್ನು ಮೈಲುತುತ್ತದ ದ್ರಾವಣದಲ್ಲಿ ನಿಲ್ಲಿಸಿದ. ನಮ್ಮ ತೋಟಗಳಲ್ಲಿ ಬೋರ್ಡೋ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತ. ವಿಷ ತಾಗಿದ ಜೀವಕೋಶಗಳು ಸತ್ತವು, ದ್ರಾವಣ ಮಾತ್ರ ಏರುತ್ತಲೇ ಹೋಯಿತು. ಈ ಕೆಲಸ ಕಣ್ಣಾರೆ ಕಂಡು ಬಂದ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ವಿವರಣೆ ಕೊಟ್ಟರು: ಎಲೆಯಿಂದ ಆವಿಯಾಗುವ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ. ಬೇರಿನಿಂದ ಎಲೆಯವರೆಗೆ ನೀರಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಕಡಿಯದ ಎಳೆಗಳಾಗಿ ಏರುತ್ತವೆ. ನಮ್ಮ ಜಗದೀಶಚಂದ್ರ ಬೋಸ್ ಇದನ್ನು ಒಪ್ಪಲಿಲ್ಲ. ಕಾಂಡದ ಜೀವಂತ ಕೋಶಗಳು ಮಿಡಿದು ನೀರು ದೂಡುತ್ತವೆ ಎಂದು ಅವರು ವಾದಿಸಿದರು. ಆ ವಾದ ನಿಲ್ಲಲಿಲ್ಲ. ಎಳೆಯುವ ವ್ಯವಸ್ಥೆಗೆ ಒಂದು ದೌರ್ಬಲ್ಯವಿದೆ: ನಡುವೆ ಎಲ್ಲೇ ಎಳೆ ಕಡಿದರೂ ಪರಿಣಾಮ ಕಾಣುವುದು ತುದಿಯಲ್ಲಿ. ಹಾಗಾಗಿ ಎಲೆಯನ್ನೇ ದಿಟ್ಟಿಸಿದರೆ ಹೆಚ್ಚು ತಿಳಿಯುವುದಿಲ್ಲ, ಕೆಳಗೆ ಇಳಿಯುತ್ತಾ ಹೋಗಬೇಕು.

ಇಳಿಯುವ ಮೊದಲು ಒಂದು ರಾತ್ರಿ ಕಾಯುವುದು ಒಳ್ಳೆಯದು. ಮಧ್ಯಾಹ್ನ ಬಾಡಿ ಬೆಳಗ್ಗೆ ಎದ್ದು ನಿಲ್ಲುವ ಗಿಡದ ಕೊಳವೆ ಸರಿಯಾಗಿದೆ, ಬೇಡಿಕೆ ಮಾತ್ರ ಪೂರೈಕೆಗಿಂತ ಹೆಚ್ಚಾಗಿತ್ತು. ಹೈಡ್ರೇಂಜಿಯಾದಂಥ ಅಗಲ ಎಲೆಯ ಗಿಡ ಫೆಬ್ರವರಿ ಮಾರ್ಚ್‌ನ ಬಿಸಿಲಿಗೆ ದಿನವೂ ಹೀಗೆ ನಾಟಕ ಮಾಡುತ್ತದೆ. ಬೆಳಗ್ಗೆಗೂ ಏಳದಿದ್ದರೆ ಚಿಂತಿಸಬೇಕು. ಅಮೆರಿಕದ ಲೈಮನ್ ಬ್ರಿಗ್ಸ್ ಮತ್ತು ಹೋಮರ್ ಶಾಂಟ್ಜ್ 1912ರಲ್ಲಿ ಶಾಶ್ವತ ಬಾಡುವಿಕೆಗೆ ಲಕ್ಷಣ ಬರೆದದ್ದೂ ಹೀಗೆಯೇ: ತೇವ ತುಂಬಿದ ಗಾಳಿಯಲ್ಲಿಟ್ಟರೂ ಚೇತರಿಸಿಕೊಳ್ಳದ್ದು. ತೇವದ ಗಾಳಿಗಾಗಿ ಅವರಿಗೆ ವಿಶೇಷ ಏರ್ಪಾಡು ಬೇಕಾಗಿತ್ತು, ಕಳಸದ ಜುಲೈ ರಾತ್ರಿಗೆ ಆ ಖರ್ಚಿಲ್ಲ. ಬೆಳಗಿನ ಜಾವ ಇನ್ನೊಂದು ಗುರುತೂ ಸಿಗುತ್ತದೆ. ಕೆಸುವಿನ ಎಲೆಯ ತುದಿಯಲ್ಲಿ ನೀರಿನ ಹನಿ ತೂಗುವುದನ್ನು ಮಲೆನಾಡಿನಲ್ಲಿ ಕಾಣದವರಿಲ್ಲ. ಅದು ಇಬ್ಬನಿಯಲ್ಲ, ರಾತ್ರಿ ಬೇರು ಒತ್ತಿ ಮೇಲೆ ಕಳಿಸಿದ ನೀರು. ಟೊಮೆಟೊ, ಸ್ಟ್ರಾಬೆರಿ ಎಲೆಯಂಚಿನಲ್ಲೂ ಈ ಹನಿ ಕಾಣುತ್ತದೆ. ಹನಿ ಮೂಡಿತೆಂದರೆ ಬೇರು ಬದುಕಿದೆ.

ಈಗ ಕುಂಡಕ್ಕೆ ಬರೋಣ. ನೆಲದಲ್ಲಿ ಬಿದ್ದ ಮಳೆ ಆಳಕ್ಕೆ ಇಳಿಯುತ್ತಾ ಹೋಗುತ್ತದೆ, ಕುಂಡದ ನೀರಿಗೆ ತಳದಲ್ಲೇ ತಡೆ. ತೂತಿದ್ದರೂ ತಡೆಯೇ. ಇದನ್ನು ನಂಬಲು ಪಾತ್ರೆ ಉಜ್ಜುವ ಸ್ಪಂಜ್ ಸಾಕು. ಸ್ಪಂಜನ್ನು ನೀರಲ್ಲಿ ಅದ್ದಿ, ಮಲಗಿಸಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ನಿಂತ ಮೇಲೆ ಅದನ್ನೇ ಉದ್ದಕ್ಕೆ ತಿರುಗಿಸಿ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಸೂಕ್ಷ್ಮ ರಂಧ್ರಗಳಿರುವ ಯಾವ ವಸ್ತುವೂ ತನ್ನ ತಳದ ಒಂದಿಷ್ಟು ಎತ್ತರದವರೆಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗುರುತ್ವ ಅದನ್ನು ಕೆಳಗೆಳೆಯಲಾರದು. ಆ ಎತ್ತರ ವಸ್ತುವಿನ ಗುಣಕ್ಕೆ ಸೇರಿದ್ದು, ಪಾತ್ರೆಯ ಆಕಾರಕ್ಕಲ್ಲ. ಆದ್ದರಿಂದ ಅಗಲವಾದ ಗಿಡ್ಡ ಕುಂಡದಲ್ಲಿ ಬೇರಿನ ಬಹುಪಾಲು ಸದಾ ನೆನೆದೇ ಇರುತ್ತದೆ, ಎತ್ತರದ ಕಿರಿದಾದ ಕುಂಡದಲ್ಲಿ ತಳದ ಸ್ವಲ್ಪ ಭಾಗ ಮಾತ್ರ. ನೀರು ಬಸಿಯಲಿ ಎಂದು ಕುಂಡದ ತಳಕ್ಕೆ ಜಲ್ಲಿ, ಹಂಚಿನ ಚೂರು ತುಂಬುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಆಗುವುದು ಅದಕ್ಕೆ ತಿರುಗುಮುರುಗು. ನಯವಾದ ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ದಾಟುವುದಿಲ್ಲ, ನೆನೆದ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ಅಜ್ಜಿಯ ಕಾಲದಿಂದ ಹಾಕಿಕೊಂಡು ಬಂದದ್ದು ಎಂಬುದು ನಿಜ, ಅಜ್ಜಿಯ ಕಾಲದಲ್ಲೂ ಅದು ತಪ್ಪೇ ಆಗಿತ್ತು.

ನೆನೆದ ಮಣ್ಣಿನಲ್ಲಿ ಬೇರಿಗೆ ಕೊರತೆಯಾಗುವುದು ಗಾಳಿಯದು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರು ಉಸಿರುಗಟ್ಟುತ್ತದೆ ಎಂಬಷ್ಟು ಎಲ್ಲರಿಗೂ ಗೊತ್ತು. ಆದರೆ ಸುತ್ತ ನೀರಿರುವಾಗ ಉಸಿರುಗಟ್ಟಿದ ಬೇರೂ ನೀರನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಬಹುದಿತ್ತಲ್ಲ? ಬಿಟ್ಟುಕೊಳ್ಳದಿರುವುದಕ್ಕೆ ಕಾರಣ 2003ರಲ್ಲಿ ತಿಳಿಯಿತು. ಕೋಶದ ಪೊರೆಯಲ್ಲಿ ನೀರಿಗೆಂದೇ ಇರುವ ಸೂಕ್ಷ್ಮ ದಾರಿಗಳುಂಟು, ಅವನ್ನು ಅಕ್ವಾಪೊರಿನ್ ಎನ್ನುತ್ತಾರೆ. ಅವುಗಳನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆಗೆ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದೂ ಅದೇ ವರ್ಷ. ಫ್ರಾನ್ಸಿನ ಮಾಂಪೆಲಿಯೆಯ ಸಂಶೋಧಕರು ಸಾಸಿವೆಯ ಪುಟ್ಟ ಬಂಧುವಾದ ಅರಾಬಿಡಾಪ್ಸಿಸ್ ಗಿಡದ ಬೇರಿನಲ್ಲಿ ತೋರಿಸಿದ್ದೇನೆಂದರೆ, ಆಮ್ಲಜನಕ ಇಲ್ಲವಾದಾಗ ಕೋಶದ ಒಳಗು ಹುಳಿಯಾಗುತ್ತದೆ, ಆ ಹುಳಿಗೆ ಈ ದಾರಿಗಳು ಮುಚ್ಚಿಕೊಳ್ಳುತ್ತವೆ. ಕುತ್ತಿಗೆಯವರೆಗೆ ನೀರಿದ್ದರೂ ಗಿಡ ಬಾಯಾರಿಕೆಯಿಂದ ಬಾಡುತ್ತದೆ ಎಂಬುದು ಹಾಗಾಗಿ ಅಲಂಕಾರದ ಮಾತಲ್ಲ. ಇಂಥ ಕುಂಡಕ್ಕೆ ಯೂರಿಯಾ ಹಾಕಿದರೆ ಮಣ್ಣಿನ ನೀರು ಉಪ್ಪಾಗಿ, ಬೇರಿಗೆ ಸಿಗುತ್ತಿದ್ದ ಅಲ್ಪಸ್ವಲ್ಪವೂ ತಪ್ಪುತ್ತದೆ.

ಅನುಮಾನವಿದ್ದರೆ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಕುಂಡದಿಂದ ಹೊರಗೆ ಜಾರಿಸಿ ನೋಡಬಹುದು. ಐದು ನಿಮಿಷದ ಕೆಲಸ, ಆದರೂ ಯಾರಿಗೂ ಮನಸ್ಸು ಬರುವುದಿಲ್ಲ. ಬದುಕಿದ ಬೇರಿನ ತುದಿ ಬಿಳಿ, ಗರಿಗರಿ. ಸತ್ತದ್ದು ಕಂದು, ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬರುತ್ತದೆ, ಹುಳಿ ವಾಸನೆಯೂ ಇರಬಹುದು. ಅದೇ ಹೊತ್ತಿಗೆ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ದಪ್ಪ ಬಿಳಿ ಹುಳು ಸಿಕ್ಕರೆ ಅದು ಗೊಣ್ಣೆಹುಳು. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದ ಜೊತೆ ಬಂದು ಬೇರನ್ನು ಒಂದು ಕಡೆಯಿಂದ ತಿನ್ನುತ್ತಾ ಬಂದಿರುತ್ತದೆ. ಗಿಡದ ಒಂದೇ ಪಕ್ಕ ಬಾಡಲು ಇದೂ ಕಾರಣವಾಗಬಹುದು. ಎಷ್ಟೋ ಗಿಡಗಳಲ್ಲಿ ಈ ಪಕ್ಕದ ಬೇರು ಈ ಪಕ್ಕದ ರೆಂಬೆಗೇ ಹೆಚ್ಚಾಗಿ ನೀರುಣಿಸುತ್ತದೆ, ಆಚೆ ಕಡೆಯ ನೀರು ಈಚೆಗೆ ಸಲೀಸಾಗಿ ದಾಟುವುದಿಲ್ಲ. ಶಾಲೆಯಲ್ಲಿ ಕರ್ಣಕುಂಡಲದ ಗಿಡವನ್ನು ಕೆಂಪು ಶಾಯಿಯಲ್ಲಿ ನಿಲ್ಲಿಸಿದವರಿಗೆ ಆ ಕೆಂಪು ಗೆರೆಗಳು ನೆನಪಿರಬಹುದು. ಕಾಂಡವೆಲ್ಲ ಕೆಂಪಾಗದೆ ಬಿಡಿಬಿಡಿ ಗೆರೆಗಳಲ್ಲಿ ಬಣ್ಣ ಏರಿತ್ತಲ್ಲ, ಆ ಗೆರೆಗಳೇ ಈ ದಾರಿಗಳು.

ಬೇರು ಚೆನ್ನಾಗಿದ್ದು, ಗಿಡದ ಉಳಿದ ಭಾಗ ನಳನಳಿಸುತ್ತಾ ಒಂದೇ ರೆಂಬೆ ಬಾಡಿದ್ದರೆ ತೊಂದರೆ ಆ ರೆಂಬೆಯಲ್ಲೇ ಇದೆ. ಇದನ್ನು ಪತ್ತೆಮಾಡುವ ವಿದ್ಯೆ ಕಾಫಿ ತೋಟದವರಿಗೆ ಕರತಲಾಮಲಕ, ಅದನ್ನು ಅಂಗಳದ ಕುಂಡಕ್ಕೆ ತರುವುದನ್ನು ಮಾತ್ರ ಮರೆಯುತ್ತಾರೆ. ಸೆಪ್ಟೆಂಬರ್ ಕಳೆದ ಮೇಲೆ ರೊಬಸ್ಟಾ ತೋಟದಲ್ಲಿ ನಡೆದರೆ ಹಸಿರು ಗಿಡದ ನಡುವೆ ಅಲ್ಲೊಂದು ಇಲ್ಲೊಂದು ಎಳೆಯ ರೆಂಬೆ ಎಲೆ ಇಳಿಬಿಟ್ಟು ಒಣಗಿರುವುದು ಕಾಣುತ್ತದೆ. ಆ ರೆಂಬೆಯನ್ನು ಮಗುಚಿ ಅಡಿಭಾಗ ನೋಡಬೇಕು. ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತು ಇರುತ್ತದೆ. ಶಾಟ್ ಹೋಲ್ ಬೋರರ್ ಎಂದು ತೋಟದವರು ಕರೆಯುವ ಕಪ್ಪು ದುಂಬಿಯ ಕೆಲಸ ಅದು, ವಿಜ್ಞಾನದಲ್ಲಿ ಅದರ ಹೆಸರು ಕ್ಸೈಲೊಸ್ಯಾಂಡ್ರಸ್ ಕಾಂಪ್ಯಾಕ್ಟಸ್. ಹೆಣ್ಣು ದುಂಬಿಯ ಉದ್ದ ಎರಡು ಮಿಲಿಮೀಟರ್ ಕೂಡ ಇಲ್ಲ.

ಈ ದುಂಬಿ ರೆಂಬೆ ಕೊರೆಯುತ್ತದೆ, ಮರ ತಿನ್ನುವುದಿಲ್ಲ. ಅದರದು ಬೇಸಾಯ. ಬೆನ್ನಿನ ಬಳಿಯ ಪುಟ್ಟ ಚೀಲದಲ್ಲಿ ಒಂದು ಬೂಸ್ಟಿನ ಬೀಜಾಣುಗಳನ್ನು ಹೊತ್ತು ತರುತ್ತದೆ, ಕೊರೆದ ಸುರಂಗದ ಗೋಡೆಗೆ ಬಿತ್ತುತ್ತದೆ, ಮೊಳೆತ ಬೂಸ್ಟನ್ನು ಮರಿಗಳು ತಿಂದು ಬೆಳೆಯುತ್ತವೆ. ಗಂಡಿಗೆ ಹಾರಲು ಬರುವುದಿಲ್ಲ, ಹುಟ್ಟಿದ ಸುರಂಗದಲ್ಲೇ ಒಡಹುಟ್ಟಿದ ಹೆಣ್ಣುಗಳೊಡನೆ ಕೂಡಿ ಅಲ್ಲೇ ಸಾಯುತ್ತದೆ. ಬಸಿರಾದ ಹೆಣ್ಣುಗಳು ಬೂಸ್ಟು ಹೊತ್ತು ಅದೇ ತೂತಿನಿಂದ ಹೊರಡುತ್ತವೆ. ಇಷ್ಟೆಲ್ಲ ನಡೆಯುವುದು ಒಂದು ತಿಂಗಳ ಆಸುಪಾಸಿನಲ್ಲಿ. ರೆಂಬೆಗೆ ಎರಡು ಕಡೆಯಿಂದ ಪೆಟ್ಟು: ಸುರಂಗ ನೀರಿನ ದಾರಿಯನ್ನು ಕತ್ತರಿಸಿದರೆ ಬೂಸ್ಟು ಉಳಿದದ್ದನ್ನು ಕಟ್ಟುತ್ತದೆ. ಏಷ್ಯಾ ಮೂಲದ ಈ ದುಂಬಿ ಹವಾಯಿಗೂ ಫ್ಲೋರಿಡಾಕ್ಕೂ ಹೋಗಿದೆ, 2011ರಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡಿತು. ಕಾಫಿಯಲ್ಲದೆ ಕೋಕೋ, ಚಹಾ, ಬೆಣ್ಣೆಹಣ್ಣು, ಮಾವು ಸೇರಿ ಇನ್ನೂರಕ್ಕೂ ಹೆಚ್ಚು ಬಗೆಯ ಗಿಡಮರಗಳಲ್ಲಿ ಅದು ಸಿಕ್ಕಿದೆ. ಸುತ್ತ ರೊಬಸ್ಟಾ ಇರುವ ಮನೆಯಂಗಳದ ಗಟ್ಟಿಕಾಂಡದ ಹೂಗಿಡದಲ್ಲಿ ರೆಂಬೆಯೊಂದು ಒಣಗಿದರೆ ಅಡಿಭಾಗ ತಿರುಗಿಸಿ ನೋಡದೆ ತೀರ್ಮಾನಕ್ಕೆ ಬರಬಾರದು. ಮದ್ದು ಕಾಫಿಗೆ ಹೇಳುವುದೇ: ತೂತಿನಿಂದ ಇನ್ನೂ ಎರಡು ಮೂರು ಅಂಗುಲ ಕೆಳಗೆ ಕತ್ತರಿಸಿ, ಸುಡುವುದು. ಕತ್ತರಿಸಿ ಗಿಡದ ಬುಡಕ್ಕೇ ಎಸೆದರೆ ದುಂಬಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕದ್ದು ಇನ್ನೂ ದೀರ್ಘ ಕಾರುಬಾರು. ತೊಗಟೆಯ ಬಿರುಕಿನಲ್ಲಿಟ್ಟ ಮೊಟ್ಟೆಯೊಡೆದು ಬಂದ ಮರಿ ತಿಂಗಳುಗಟ್ಟಲೆ ಕಾಂಡದೊಳಗೆ ಕೊರೆಯುತ್ತದೆ. ಎಲೆ ಹಳದಿಯಾಗಿ ಜೋಲುವಾಗ, ಕಾಂಡದ ಮೇಲೆ ಏಣುಗಳು ಎದ್ದಿರುವಾಗ, ಒಳಗಿನ ಕೆಲಸ ಬಹುತೇಕ ಮುಗಿದಿರುತ್ತದೆ. ಅದಕ್ಕೇ ಇದರ ದುಂಬಿಗಳು ಹಾರುವ ಏಪ್ರಿಲ್ ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲಕ್ಕೆ ಮೊದಲೇ ತೋಟಗಳಲ್ಲಿ ಗಿಡಗಿಡ ತಡವಿ ಬೋರರ್ ಹುಡುಕುವುದು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದವರು ಇಂದಿಗೂ ಈ ಹುಳುವಿನ ಬೆನ್ನು ಬಿಟ್ಟಿಲ್ಲ, ಹುಳುವೂ ಅರೇಬಿಕಾ ಬಿಟ್ಟಿಲ್ಲ.

ತೂತೂ ಇಲ್ಲ, ಏಣೂ ಇಲ್ಲವೆಂದಾದರೆ ಉಗುರು ಮತ್ತು ಚಾಕು. ಬಾಡಿದ ರೆಂಬೆಯ ತೊಗಟೆಯನ್ನು ತುದಿಯಿಂದ ಉಗುರಿನಲ್ಲಿ ಕೆರೆಯುತ್ತಾ ಕೆಳಗೆ ಬನ್ನಿ. ಎಲ್ಲಿ ಕಂದು ಮುಗಿದು ಹಸಿರು ಕಾಣುತ್ತದೋ ಅಲ್ಲಿಯೇ ಪೆಟ್ಟು ಬಿದ್ದ ಜಾಗ. ಕವಲಿನ ಸಂದಿಯಲ್ಲಿ ತಿಳಿಗೆಂಪು ಬಣ್ಣದ ಹೊಪ್ಪಳೆ ಕಂಡರೆ ಅದು ಗುಲಾಬಿ ರೋಗ, ಮಳೆಗಾಲದಲ್ಲಿ ಕಾಫಿ, ಕಿತ್ತಳೆ, ರಬ್ಬರ್‌ಗಳ ರೆಂಬೆಯನ್ನು ಸುತ್ತುಗಟ್ಟಿ ಕೊಲ್ಲುವ ಶಿಲೀಂಧ್ರ. ತಂತಿ ಬಿಗಿದ ಗಾಯವೋ, ಬೆಕ್ಕು ಹಾರಿ ಸೀಳಿದ ಕವಲೋ ಕೂಡ ಇರಬಹುದು. ಎಲ್ಲಕ್ಕೂ ರೋಗದ ಹೆಸರು ಬೇಕಿಲ್ಲ.

ಡೇರೆಯದು ಬೇರೆ ಕತೆ. ಮಲೆನಾಡಿನ ಹೆಂಗಸರು ಗೆಡ್ಡೆ ಕೊಟ್ಟು ತಂದು, ಗೌರಿ ಹಬ್ಬದ ಹೊತ್ತಿಗೆ ಹೂವಾಗುವಂತೆ ಮಕ್ಕಳಿಗಿಂತ ಹೆಚ್ಚು ಆರೈಕೆ ಮಾಡಿ ಬೆಳೆಸುವ ಈ ಗಿಡಕ್ಕೆ ರಸ ತುಂಬಿದ ಕಾಂಡ, ನೀರು ನಿಂತರೆ ಕೊಳೆಯುವ ಗೆಡ್ಡೆ. ಹಸಿರಾಗಿರುವಾಗಲೇ, ಎಲೆ ಹಳದಿಯಾಗುವುದಕ್ಕೂ ಪುರಸೊತ್ತಿಲ್ಲದಂತೆ ಒಂದೊಂದೇ ಕವಲು ಕುಸಿಯುತ್ತಾ ಹೋದರೆ ದುಂಡಾಣುವಿನ ಸೊರಗು ರೋಗವನ್ನು ಶಂಕಿಸಬೇಕು. ಅಮೆರಿಕದ ಅರ್ವಿನ್ ಸ್ಮಿತ್ 1896ರಲ್ಲಿ ವಿವರಿಸಿದ ಈ ದುಂಡಾಣುವಿಗೆ ಈಗ ರಾಲ್ಸ್ಟೋನಿಯಾ ಎಂಬ ಹೆಸರು. ಟೊಮೆಟೊ, ಬದನೆ, ಶುಂಠಿ ಬೆಳೆದವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಪರೀಕ್ಷೆಗೆ ಪ್ರಯೋಗಾಲಯ ಬೇಡ. ಬಾಡಿದ ಕಾಂಡದ ಬುಡದಿಂದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ತುದಿಯಿಂದ ಹಾಲಿನ ಬಣ್ಣದ ಎಳೆ ಕೆಳಗಿಳಿಯತೊಡಗಿದರೆ ನೋಡುತ್ತಿರುವುದು ಕೋಟಿಗಟ್ಟಲೆ ದುಂಡಾಣುಗಳನ್ನು. ನೀರಿನ ಕೊಳವೆಯಲ್ಲಿ ತುಂಬಿಕೊಂಡು ಅವು ಗಿಡದ ಗಂಟಲು ಕಟ್ಟಿದ್ದವು. ಇದಕ್ಕೆ ಮದ್ದಿಲ್ಲ, ಗಿಡ ಕಿತ್ತು ಸುಡಬೇಕು. ಗೆಡ್ಡೆ ಮಾತ್ರ ಉಳಿಸಿಕೊಳ್ಳುತ್ತೇನೆ ಎನ್ನುವವರಿಗೆ ಮುಂದಿನ ವರ್ಷವೂ ಅದೇ ಲೋಟ, ಅದೇ ಹಾಲು.

ಹಾಲು ಬರಲಿಲ್ಲ, ಆದರೆ ಮಣ್ಣಿಗೆ ತಾಗಿದ ಕಾಂಡದ ಬುಡ ಕಪ್ಪಾಗಿ ಮೆತ್ತಗಾಗಿದೆ ಎಂದರೆ ಫೈಟಾಫ್ತೊರಾ ಅಥವಾ ಅದರ ಬಂಧುಗಳ ಮೇಲೆ ಗುಮಾನಿ. ನೋಡಲು ಶಿಲೀಂಧ್ರದಂತಿದ್ದರೂ ಇವು ಶಿಲೀಂಧ್ರಗಳಲ್ಲ, ಸಮುದ್ರದ ಕಂದು ಪಾಚಿಗಳಿಗೆ ಹೆಚ್ಚು ಹತ್ತಿರ. ಬೀಜಾಣುಗಳಿಗೆ ಈಜಲು ಬರುತ್ತದೆ, ಮಣ್ಣಿನ ನೀರಿನಲ್ಲಿ ಬೇರು ಸೋರಿಸುವ ವಸ್ತುಗಳ ಜಾಡು ಹಿಡಿದು ಹೋಗಿ ಅಂಟುತ್ತವೆ. ನೆನೆದ ಕುಂಡ ಅವುಗಳಿಗೆ ಈಜುಕೊಳ. ಮೆಣಸಿನ ಬಳ್ಳಿಯ ಶೀಘ್ರ ಸೊರಗು, ಅಡಿಕೆಯ ಕೊಳೆರೋಗ ಎರಡೂ ಈ ಕುಲದ್ದೇ. ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ವರದಿ ಬರೆದು ಬೋರ್ಡೋ ಸಿಂಪಡಣೆಯನ್ನು ನಮ್ಮ ತೋಟಗಳಿಗೆ ಪರಿಚಯಿಸಿದವರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ತೋಟದ ಮಕ್ಕಳಿಗೂ ಬಾಯಿಪಾಠ. ಆದರೆ ಬೋರ್ಡೋ ರೋಗ ಬರದಂತೆ ತಡೆಯುತ್ತದೆಯೇ ಹೊರತು ಸತ್ತ ಬೇರನ್ನು ಬದುಕಿಸುವುದಿಲ್ಲ. ಮೆಣಸಿನಲ್ಲೂ ಮಳೆಗಾಲದಲ್ಲಿ ತಂತುಬೇರು ಕಳೆದುಕೊಂಡ ಬಳ್ಳಿ ಸೊರಗಿದ್ದು ಕಣ್ಣಿಗೆ ಬೀಳುವುದು ಮಳೆ ಮುಗಿದು ನೆಲ ಆರತೊಡಗಿದ ಮೇಲೆ. ದಾಸವಾಳದ್ದು ಎರಡು ವಾರ ತಡವಾದ ಸುದ್ದಿಯಾದರೆ, ಬಳ್ಳಿಯದು ಎರಡು ಮೂರು ತಿಂಗಳು.

ಬೇರು ಪೂರಾ ಹೋಗದ ಗಿಡವನ್ನು ಉಳಿಸಬಹುದು. ಮೊದಲು ಕುಂಡವನ್ನು ಸೂರಂಚಿನ ನೀರು ಬೀಳದ ಕಡೆಗೆ ಸರಿಸಿ, ಒಂದು ರಾತ್ರಿ ಓರೆಯಾಗಿ ಒರಗಿಸಿಡಿ. ಓರೆ ಮಾಡಿದಾಗ ತಳದಿಂದ ಇನ್ನಷ್ಟು ನೀರು ಇಳಿದು ಹೋಗುತ್ತದೆ, ಕಾರಣ ಸ್ಪಂಜಿನದೇ. ಆಮೇಲೆ ಕೊಳೆತ ಬೇರು ಕತ್ತರಿಸಿ, ಅದಕ್ಕೆ ತಕ್ಕಂತೆ ಮೇಲಿನ ಎಲೆ, ರೆಂಬೆಗಳನ್ನೂ ಕಡಿಮೆ ಮಾಡಿ. ಇದ್ದ ಮೊಗ್ಗುಗಳನ್ನೂ ಚಿವುಟಬೇಕು, ಇಲ್ಲಿ ಎಲ್ಲರ ಕೈ ತಡೆಯುತ್ತದೆ. ಒರಟು ಮರಳು ಬೆರೆತ ಹೊಸ ಮಣ್ಣು, ಕುಂಡದ ಕೆಳಗೆ ಎರಡು ಇಟ್ಟಿಗೆ, ಬಿಸಿಲು ನೇರ ಬೀಳದ ಜಾಗ. ಹೊಸ ಚಿಗುರು ಬರುವವರೆಗೆ ಗೊಬ್ಬರ ಬೇಡ. ಚಿಕ್ಕಮಗಳೂರು ಪೇಟೆಯಲ್ಲಿ ಇಷ್ಟೆಲ್ಲ ಮಾಡದೆಯೂ ಗಿಡ ಬದುಕಿಕೊಂಡೀತು, ಅಲ್ಲಿನ ಮಳೆಯೇ ಅಷ್ಟು. ಸುಮಾರು 30 ಕಿಲೋಮೀಟರ್ ದೂರದ ಮೂಡಿಗೆರೆಗೆ ಬಂದರೆ ಅದೇ ಗಿಡ, ಅದೇ ಕುಂಡಕ್ಕೆ ಬೇರೆಯೇ ಲೆಕ್ಕ. ಪೇಟೆಯ ನರ್ಸರಿಯವರ ಸಲಹೆ ಘಟ್ಟದ ಅಂಚಿಗೆ ಹೊಂದದಿರುವುದು ಅದಕ್ಕೇ.

ಉಳಿಯದ ಗಿಡದ ಮಣ್ಣನ್ನು ಏನು ಮಾಡುವುದು? ಕುಂಡ ಕವುಚಿ ಹತ್ತಿರದ ಮೆಣಸಿನ ಬಳ್ಳಿಯ ಬುಡಕ್ಕೋ ಶುಂಠಿ ಪಟ್ಟೆಗೋ ಸುರಿದುಬಿಡುವುದು ವಾಡಿಕೆ, ಒಳ್ಳೆಯ ಗೊಬ್ಬರದ ಮಣ್ಣು ಹಾಳಾಗದಿರಲಿ ಎಂದು. ಅದರೊಳಗೆ ಇದ್ದದ್ದು ಯಾವ ರೋಗಾಣು, ಯಾವ ತಳಿ, ಬಳ್ಳಿಗೆ ತಾಗುವುದೋ ಇಲ್ಲವೋ ಎಂದು ಬರಿಗಣ್ಣಿಗೆ ಹೇಳಲಾಗದು. ತೋಟದ ಇಳಿಜಾರಿನಲ್ಲಿ ಮೇಲೆ ಸುರಿದದ್ದು ಒಂದೇ ಮಳೆಗೆ ಕೆಳಗಿನ ಬಳ್ಳಿಗಳವರೆಗೆ ಹರಿಯುತ್ತದೆ. ಆ ಮಣ್ಣನ್ನು ತೋಟದಿಂದ ದೂರ, ನೀರು ಹರಿದು ಒಳಗೆ ಬಾರದ ಕಡೆ ಗುಂಡಿ ತೆಗೆದು ಮುಚ್ಚಿ. ಖಾಲಿ ಕುಂಡವನ್ನು ತೊಳೆದು ಬೇಸಿಗೆ ಬಿಸಿಲಿಗೆ ಒಣಗಿಸಿದ ಮೇಲೆಯೇ ಮತ್ತೆ ಬಳಸಿ.